ವಿಯೆನ್ನಾದ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ

ವಿಯೆನ್ನಾ ನಗರದ ಹಳೆಯ ಚರ್ಚಿನ ಮುಂದೆ ನನ್ನ ಹೆಂಡತಿ ಚಪ್ಪಲಿ ಬಿಟ್ಟಳು. ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದಿಂದ ಚಾದರದ ವ್ಯಾಪಾರಕ್ಕೆ ಹೋಗಿದ್ದ ನಾನು, ಕೆಲಸ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಊರು ತೋರಿಸುವ ಬಸ್ಸು ಹತ್ತಿದ್ದೆ.

“ಇಲ್ಲಿ ಯಾರೂ ಬಿಡಂಗಿಲ್ಲ, ಹಾಕ್ಕೋ. ಮಂದಿ ನೋಡಾಕತ್ತಾರ,” ಎಂದೆ.

“ನೋಡಲಿ ಬಿಡ್ರಿ. ಅಕ್ಕಲಕೋಟದಾಗ ಗುಡಿ ಮುಂದ ಬಿಡ್ತೀವಿ. ಇದೂ ದೇವರ ಮನಿನ ಅಲ್ಲೇನ್ರಿ?”

ಚಳಿಗೆ ಕೊರೆಯುವ ಕಲ್ಲಿನ ಮೇಲೆ ಅವಳು ಬರಿಗಾಲಲ್ಲೇ ಒಳಗೆ ಹೋದಳು. ಸೂಟು ತೊಟ್ಟಿದ್ದ ನಾನು ಅವಳ ಪರಿಚಯವೇ ಇಲ್ಲದವನಂತೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆದೆ.

ಹೊರಗೆ ಬಂದು ನೋಡಿದರೆ, ಅವಳ ಚಪ್ಪಲಿಯ ಪಕ್ಕದಲ್ಲಿ ಇನ್ನೂ ಐದು ಜೊತೆ ಬೂಟುಗಳು ಸಾಲಾಗಿದ್ದವು. ನಮ್ಮ ಬಸ್ಸಿನಲ್ಲೇ ಬಂದಿದ್ದ ಬಿಳಿಯ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದಳು. ಹೆಂಡತಿಯನ್ನು ಕಂಡು ಮೆಲ್ಲಗೆ ತಲೆಬಾಗಿದಳು. ನನ್ನ ಬೂಟು ನನ್ನ ಕಾಲಲ್ಲೇ ಇತ್ತು.

ಆ ಊರಿನ ಅರಮನೆ, ತೋಟ ಯಾವುದೂ ಈಗ ಸರಿಯಾಗಿ ನೆನಪಿಲ್ಲ. ಅಕ್ಕಲಕೋಟಕ್ಕೆ ಹೋದಾಗ ಮಾತ್ರ, ಎಷ್ಟೇ ಜಾಗವಿರಲಿ, ನನ್ನ ಚಪ್ಪಲಿಯನ್ನು ಅವಳದರ ಪಕ್ಕಕ್ಕೇ ಬಿಡುತ್ತೇನೆ.