ಅಕ್ಷರಕ್ಕೆ ಕಾಲು

ನಿನ್ನೆ ಓದುತ್ತ ಕೂತಲ್ಲಿ ಪುಸ್ತಕ ತೊಡೆಯಿಂದ ಜಾರಿ ಕಾಲಿಗೆ ತಾಗಿತು. ಕೈ ತಾನಾಗಿ ಕೆಳಗೆ ಚಾಚಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ನೀವೂ ಹೀಗೇ ಮಾಡುತ್ತೀರಿ, ರೂಢಿ ಒಳ್ಳೆಯದೇ. ಆದರೆ ಇದೇ ರೂಢಿಯಿಂದ ನಾನೊಂದು ಮಗುವಿನ ಎರಡು ವರ್ಷ ಹಾಳು ಮಾಡಿದೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಧಾರವಾಡದ ಕೆಲಗೇರಿ ಕಡೆ ಅಂಗವಿಕಲ ಮಕ್ಕಳ ಸಣ್ಣ ಸಾಲಿಯಲ್ಲಿ ನಾನು ಶಿಕ್ಷಕಿ. ಯಾರೋ ಪುಣ್ಯಾತ್ಮರು ಹಳೆಯ ಕಂಪ್ಯೂಟರನ್ನೂ ಅಂಗೈಯಗಲದ ಒಂದು ಗುಂಡಿಯನ್ನೂ ಕೊಟ್ಟಿದ್ದರು. ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಬೆಳಗುತ್ತಿದ್ದವು. ಬೇಕಾದದ್ದು ಬೆಳಗಿದಾಗ ಗುಂಡಿ ಒತ್ತಿದರೆ ಅದು ಮೂಡುತ್ತಿತ್ತು. ಮಾತು ಬಾರದ ಮಗು ಹಾಗೆ ಮಾತಾಡಬಹುದು. ಮೈಯ ಯಾವ ಭಾಗದಿಂದ ಒತ್ತಿಸಬೇಕೆಂದು ಆರಿಸುವ ಕೆಲಸ ನನ್ನದು. ಆರು ದಿನದ ತರಬೇತಿ ಮುಗಿಸಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿದವಳು ನಾನು. ನನಗೆ ತಿಳಿಯದ್ದೇನಿದೆ ಎಂಬ ಧಿಮಾಕು ಇತ್ತು.

ನೀಲವ್ವ ಗರಗದ ಹುಡುಗಿ, ಹನ್ನೊಂದು ವರ್ಷ. ಹುಟ್ಟಿನಿಂದ ಮಾತಿಲ್ಲ, ಕೈಗಳು ಸೆಟೆದಿದ್ದವು. ತಾಯಿ ಗಂಗವ್ವ ದಿನಾಲೂ ಅವಳನ್ನು ಎತ್ತಿಕೊಂಡೇ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಗುಂಡಿಯನ್ನು ಬಲಗೈ ಮುಂದೆ ಇಟ್ಟೆ. ಅದನ್ನು ನೋಡಿ ಗಂಗವ್ವ ಅಂದಳು:

"ಅಕ್ಕೋರ, ಅಕಿ ಎಡಗಾಲು ಹೇಳಿದ ಮಾತು ಕೇಳ್ತದ್ರಿ. ಮನ್ಯಾಗ ಕಾಲಿಲೇ ಕದಾ ನೂಕ್ತಾಳ, ಬೆಕ್ಕಿನ ಬೆನ್ನು ಸವರ್ತಾಳ."

"ಅಕ್ಷರಕ್ಕ ಕಾಲು ಹಚ್ಚತಾರೇನವಾ? ಸರಸ್ವತಿ ಅದು," ಅಂದೆ.

ಗಂಗವ್ವ ತಾನೇ ತಪ್ಪು ಮಾಡಿದವಳ ಹಾಗೆ ಗಲ್ಲ ಬಡಿದುಕೊಂಡಳು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಕೈ ಎತ್ತಲು ಹೋದರೆ ನೀಲವ್ವನ ಮೈಯೆಲ್ಲ ಬಿಗಿಯುತ್ತಿತ್ತು, ಗುಂಡಿ ಮುಟ್ಟುವಷ್ಟರಲ್ಲಿ ಅಕ್ಷರ ದಾಟಿಹೋಗುತ್ತಿತ್ತು. ಅತ್ತರೆ, ಹಟಮಾರಿ ಎಂದು ವಹಿಯಲ್ಲಿ ಬರೆದೆ. ಕುರ್ಚಿಯ ಕೆಳಗೆ ಎಡಗಾಲು ಮಾತ್ರ ಬೇಕಾದ ಅಕ್ಷರ ಬೆಳಗಿದ ಹೊತ್ತಿಗೆ ಸರಿಯಾಗಿ ನೆಲ ಬಡಿಯುತ್ತಿತ್ತು. ಚಿತ್ತ ಚೆದುರುತ್ತದೆಂದು ಅದನ್ನು ಪಟ್ಟಿಯಿಂದ ಕುರ್ಚಿಗೆ ಕಟ್ಟಿದೆ.

ಎರಡು ವರ್ಷದ ಮೇಲೆ ಹುಬ್ಬಳ್ಳಿಯಿಂದ ಫಿಜಿಯೋಥೆರಪಿಯ ಹುಡುಗಿಯೊಬ್ಬಳು ಬಂದಳು. ಸ್ವಲ್ಪ ಹೊತ್ತು ನೋಡಿದಳು, ಪಟ್ಟಿ ಬಿಚ್ಚಿದಳು, ಗುಂಡಿಯನ್ನು ಎಡಗಾಲ ಬಳಿ ನೆಲಕ್ಕಿಟ್ಟಳು. ಅಕ್ಷರಗಳು ನೀಲವ್ವನಿಗೆ ಯಾವಾಗಲೋ ಬಂದಿದ್ದವು. ಅರ್ಧ ತಾಸಿನಲ್ಲಿ ಅವಳ ಮೊದಲ ಮಾತು ಮೂಡಿತು: ಕೈ ಬ್ಯಾನಿ. ಕೈ ನೋಯುತ್ತದೆ ಎಂದು ಹೇಳಲು ನಾನು ಅವಳನ್ನು ಅಷ್ಟು ದಿನ ಕಾಯಿಸಿದ್ದೆ.

ಆ ಬ್ಯಾಸಗಿಯಲ್ಲೇ ಅವಳು ಸಾಲಿ ಬಿಟ್ಟಳು. ಬೆಳೆದ ಮಗಳನ್ನು ಹೊತ್ತು ಬಸ್ಸು ಹತ್ತುವುದು ಗಂಗವ್ವನಿಗೆ ಆಗಲಿಲ್ಲ. ಕೆಲವು ತಿಂಗಳ ಮೇಲೆ ನಾನೇ ಗರಗಕ್ಕೆ ಹೋದೆ. ಪಡಸಾಲೆಯ ನೆಲದ ಮೇಲೆ ಗಂಗವ್ವ ಸುಣ್ಣದಿಂದ ಅಕ್ಷರ ಬರೆದಿದ್ದಳು. ನೀಲವ್ವ ಕಾಲಿನಿಂದ ತೋರಿಸಿ ತೋರಿಸಿ ಅರ್ಧ ಅಳಿಸಿಹೋಗಿದ್ದವು. ನನ್ನನ್ನು ಕಂಡಕೂಡಲೇ ನೀಲವ್ವ ಕಾಲನ್ನು ಲಂಗದೊಳಗೆ ಎಳೆದುಕೊಂಡಳು.

"ತಪ್ಪು ನಂದವಾ. ಕಾಲು ಹೊರಗ ತಗಿ," ಅಂದೆ.

ಅವಳು ಗೋಡೆ ನೋಡುತ್ತ ಕೂತಳು. ನಾನು ಕಾದೆ. ಗಂಗವ್ವ ಕೊಟ್ಟ ಚಹಾ ಆರಿತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕೋರ," ಅಂದಳು ಗಂಗವ್ವ, ಮೆಲ್ಲಗೆ. "ನೀವು ಹ್ವಾದ ಮ್ಯಾಲೆ ಮಾತಾಡ್ತಾಳ."

ನಿವೃತ್ತಳಾದರೂ ಹೊಸ ಮಗು ಬಂದಾಗ ಸಾಲಿಯವರು ನನ್ನನ್ನು ಕರೆಯುತ್ತಾರೆ. ತಾಯಿಯ ಪಕ್ಕ ನೆಲಕ್ಕೆ ಕೂತು ಅವಳು ಹೇಳುವುದನ್ನೆಲ್ಲ ಕೇಳುತ್ತೇನೆ. ಗರಗಕ್ಕೆ ಮಾತ್ರ ಮತ್ತೆ ಹೋಗಿಲ್ಲ. ಹೋದರೆ ನೀಲವ್ವನ ಮಾತು ನಿಲ್ಲುತ್ತದೆ.