ಕೆಳಸಾಲಿನ ಟೈಲ್

ಪಾರ್ಕಿನ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬಳು ಕುಡುಗೋಲಿನ ತುದಿಯಿಂದ ಟೈಲ್ ಒಂದನ್ನು ಕೀಳುತ್ತಿದ್ದಳು. ಓಡಿಹೋಗಿ ಕೈ ಹಿಡಿದೆ. ನೋಡಿದರೆ, ಶ್ರೀರಾಂಪುರದ ಕಡೆಯಿಂದ ಕೂಲಿಗೆ ಬರುವ ತಿಪ್ಪಕ್ಕ.

ಹೊಸದುರ್ಗದ ಈ ಗೋಡೆಗಾಗಿ ಪೇಟೆಯವರು, ಕೂಲಿಯವರು ಎನ್ನದೆ ನಾವೆಲ್ಲ ಸೇರಿ ಜೇಡಿಮಣ್ಣಿನ ಟೈಲ್ ಮಾಡಿದ್ದೆವು. ನನ್ನ ಪಕ್ಕದಲ್ಲೇ ಕೂತಿದ್ದ ತಿಪ್ಪಕ್ಕ, ಹೆರಿಗೆಯಲ್ಲಿ ತೀರಿಕೊಂಡ ಮಗಳ ಕಾಲ್ಗೆಜ್ಜೆಯನ್ನು ಹಸಿಮಣ್ಣಿಗೆ ಒತ್ತಿದ್ದಳು. ಸುಟ್ಟು ಬಂದಾಗ ಒಂದೊಂದು ಗೆಜ್ಜೆಯ ಅಚ್ಚೂ ಚೆನ್ನಾಗಿ ಮೂಡಿತ್ತು. ಆದರೆ ಗೋಡೆಗೆ ಅಂಟಿಸುವಾಗ ಮುಖಂಡರ ಮನೆಯವರು ಮಾಡಿದವು, ನಮ್ಮಂಥ ಪೇಟೆಯವರು ಮಾಡಿದವು ಕಣ್ಣಿಗೆ ಕಾಣುವಷ್ಟು ಎತ್ತರದಲ್ಲಿ ಕೂತವು. ಕೂಲಿ ಹೆಂಗಸರು ಮಾಡಿದವೆಲ್ಲ ನೆಲಕ್ಕೆ ತಾಗುವ ಸಾಲಿಗೆ ಹೋದವು.

"ಯಾಕೆ ಕೀಳ್ತಿದೀಯ ತಿಪ್ಪಕ್ಕ?" ಎಂದೆ.

ಅವಳು ಸೆರಗಿನಿಂದ ಟೈಲ್ ಒರೆಸಿದಳು. ಗುಟ್ಕಾದ ಕೆಂಪು ಕಲೆ ಹೋಗಲಿಲ್ಲ.

"ಬಂದೋರೆಲ್ಲ ಇಲ್ಲೇ ಉಗೀತಾರೆ ಕಣಮ್ಮ. ನನ್ ಮಗಳ ಮ್ಯಾಲೇ ಉಗಿದಂಗೆ ಆಗ್ತೈತೆ. ಮನೀಗೆ ತಗಂಡು ಹೋಗ್ತೀನಿ ಬಿಡು."

ನಾನು ಕೈ ಬಿಟ್ಟು, ಅವಳ ಪಕ್ಕ ಕೂತು ಟೈಲಿನ ಅಂಚು ಹಿಡಿದುಕೊಂಡೆ. ಅದು ಎರಡು ಹೋಳಾಗಿ ಬಂತು. ಅವಳು ಅಳಲಿಲ್ಲ. ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿಗೆ ನಡೆದಳು.

ಆ ಜಾಗಕ್ಕೆ ಈಗ ಸಿಮೆಂಟ್ ಮೆತ್ತಿದ್ದಾರೆ. ಗೋಡೆ ಕೆಡಿಸಿದವರು ಯಾರೆಂದು ಹಲವರು ನನ್ನನ್ನು ಕೇಳಿದರು, ಯಾಕೆ ಕಿತ್ತರೆಂದು ಒಬ್ಬರೂ ಕೇಳಲಿಲ್ಲ. ಊರಿನವರೆಲ್ಲ ಒಂದಾಗಿ ಮಾಡಿದ ಗೋಡೆ ಎಂದು ಯಾರಾದರೂ ಹೊಗಳಿದರೆ, ಹೌದೆನ್ನಲು ನನಗೆ ಬಾಯಿ ಬರುವುದಿಲ್ಲ.