ನಂಬದವನು ಹಾಕಿದ ನೀರು

ತಂಬಿಗೆಯ ವಿಷಯದಲ್ಲಿ ನಮ್ಮ ಅವ್ವ ಭಾರಿ ಕಟ್ಟುನಿಟ್ಟು. ಕುಡಿಯುವ ನೀರಿಗೊಂದು, ದೇವರ ಜಗುಲಿಗೊಂದು, ಬಚ್ಚಲಿಗೊಂದು. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಮನೆಯೇ ಮುಳುಗಿತೆಂಬಂತೆ ಕೂಗುತ್ತಾಳೆ. ನೀರು ಎಲ್ಲಿದ್ದರೂ ನೀರೇ ಅಲ್ಲವೇ, ಪಾತ್ರೆಯಿಂದ ಅದರ ಗುಣ ಬದಲಾಗುತ್ತದೆ ಎನ್ನುವುದಕ್ಕೆ ಪುರಾವೆ ಏನು ಎಂದು ನಾನು ವಾದಿಸುತ್ತೇನೆ. ಕೊಪ್ಪಳದ ಕಾಲೇಜಿಗೆ ಚರ್ಚಾಸ್ಪರ್ಧೆಯ ಢಾಲು ಗೆದ್ದುಕೊಟ್ಟವನಿಗೆ ಮನೆಯಲ್ಲಿಯೂ ಒಬ್ಬ ಎದುರಾಳಿ ಬೇಕಲ್ಲ! ಅಂಥ ನನ್ನನ್ನು, ಗೆಳೆಯರೇ, ಒಂದು ಮತದ ಕಾನೂನು ತಾನಾಗಿ ಹುಡುಕಿಕೊಂಡು ಬಂದದ್ದು ಈಚೆಗೆ ಒಂದು ಮಧ್ಯಾಹ್ನ, ಭಾಗ್ಯನಗರದ ನಮ್ಮ ಪಕ್ಕದ ಮನೆಯಲ್ಲಿ.

ಆ ಮನೆಯವಳು ಫಿಲೋಮಿನಕ್ಕ. ಕ್ಯಾಥೋಲಿಕ್ ಮತದವಳು, ನರ್ಸು. ಗಂಡ ಕೆಲಸಕ್ಕೆಂದು ಕುಷ್ಟಗಿಗೆ ಹೋಗಿದ್ದಾಗ, ದಿನ ತುಂಬುವ ಮೊದಲೇ ಹೆರಿಗೆಯಾಗಿಬಿಟ್ಟಿತು. ಅವ್ವ ಗಾಡಿ ಹುಡುಕಲು ಓಡಿದಳು. ಸೂಲಗಿತ್ತಿ ಹುಲಿಗೆವ್ವ ಬಾಣಂತಿಯ ರಕ್ತ ನಿಲ್ಲಿಸಲು ಹೆಣಗುತ್ತಿದ್ದಳು. ಬಿಸಿನೀರು ತಂದಿಟ್ಟು ಹೊಸ್ತಿಲಾಚೆ ನಿಂತವನು ನಾನೊಬ್ಬನೇ. ಮೊರದಲ್ಲಿ ಅರಿವೆ ಸುತ್ತಿ ಮಲಗಿಸಿದ್ದ ಹೆಣ್ಣುಕೂಸಿನ ಉಸಿರು ತಡೆತಡೆದು ಬರುತ್ತಿತ್ತು.

“ತಮ್ಮಾ, ಒಳಗ ಬಾ,” ಅಂದಳು ಫಿಲೋಮಿನಕ್ಕ. “ಇದು ಉಳಿಯಂಗಿಲ್ಲ. ನಮ್ಮ ಮತಕ್ಕ ಸೇರಿಸೂ ಜ್ಞಾನಸ್ನಾನ ಇಲ್ಲದ ಕಳಸಾಕ ನನ್ನ ಕೈಲೆ ಆಗಂಗಿಲ್ಲ. ನನಗ ಏಳಾಕ ಆಗವಲ್ದು, ನೀ ನೀರ ಹಾಕು.”

“ಅಕ್ಕಾ, ನಾ ನಿಮ್ಮ ಮತದಾಂವ ಅಲ್ಲ, ಯಾವ ದೇವರನ್ನೂ ನಂಬಾಂವ ಅಲ್ಲ. ಸುಳ್ಳ ಆಗತೈತಿ.”

“ಇಂಥಾ ಹೊತ್ತಿನ್ಯಾಗ ಯಾರರ ಹಾಕಬಹುದು ಅಂತ ನಮ್ಮ ಕಾಯ್ದೇನ ಐತಿ. ನರ್ಸ್ ಕಲಿಯೂವಾಗ ಹೇಳಿಕೊಟ್ಟಾರ. ನೀ ನಂಬಬ್ಯಾಡ. ನಾ ಕೇಳಿದ್ದು ಆಗಲಿ ಅಂತ ಮನಸ್ಸ ಮಾಡು, ಸಾಕು.”

ನಾನಿನ್ನೂ ಅನುಮಾನಿಸುತ್ತಿದ್ದೆ. ಹುಲಿಗೆವ್ವ ತಿರುಗಿಯೂ ನೋಡದೆ ಗದರಿದಳು: “ಭಾಷಣದಾಗ ಭಾಳ ಶಾಣ್ಯಾ ಅಂತ! ಒಂದ ಗುಟುಕ ನೀರ ಹಾಕಾಕ ಬರಂಗಿಲ್ಲೇನಲೇ? ನನ್ನ ಕೈ ಖಾಲಿ ಇದ್ದಿದ್ರ ನಿನ್ನ ಯಾರು ಕೇಳತಿದ್ರು?”

ಅಕ್ಕ ಹೇಳಿಕೊಟ್ಟಂತೆ ‘ಮರಿಯಾ’ ಎಂದು ಕರೆದು, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆಂದು ಅದರ ನೆತ್ತಿಗೆ ಮೂರು ಸಲ ನೀರೆರೆದೆ. ಗಾಡಿ ಬರುವಷ್ಟರಲ್ಲಿ ಮರಿಯಾ ಇರಲಿಲ್ಲ. ಅಕ್ಕ ಉಳಿದಳು.

ಮರುದಿನ ಬೆಳಿಗ್ಗೆ ಕೂಸನ್ನು ಮಣ್ಣು ಮಾಡಲು ಬಳ್ಳಾರಿ ಕಡೆಯಿಂದ ಪಾದ್ರಿಗಳು ಅಕ್ಕನ ಮನೆಗೆ ಬಂದರು. ಕೂಸು ಜ್ಞಾನಸ್ನಾನ ಪಡೆದೇ ಹೋಯಿತೆಂಬ ಒಂದು ಸಮಾಧಾನವನ್ನು ಅಕ್ಕ ಹಿಡಿದುಕೊಂಡಿದ್ದಳು. ಸುಮ್ಮನಿರಬಹುದಿತ್ತು. ಆದರೆ ಸತ್ಯ ಹೇಳುವ ಚಟ ನೋಡಿ, ಕೇಳಿಯೇಬಿಟ್ಟೆ: “ನೀರು ಹಾಕಿದಾಂವ ನಾನ್ರಿ. ನಾನು ನಾಸ್ತಿಕ. ಇದು ನಡೀತೈತೇನ್ರಿ?” ಮಾತು ಬಾಯಿ ದಾಟಿದ ಮೇಲೆಯೇ ನನಗೆ ಅಕ್ಕನ ಮುಖ ಕಂಡದ್ದು. ಗೆದ್ದ ವಾದವೂ ಒಬ್ಬಳ ಕೈಯಲ್ಲಿರುವುದನ್ನು ಕಿತ್ತುಕೊಳ್ಳಬಲ್ಲದೆಂದು ಯಾವ ತೀರ್ಪುಗಾರರೂ ನನಗೆ ಹೇಳಿರಲಿಲ್ಲ.

ಪಾದ್ರಿಗಳು ಅವಸರಪಡಲಿಲ್ಲ. “ಹಾಕುವಾಗ ಏನಾಗಲಿ ಎಂದುಕೊಂಡಿದ್ದಿರಿ?”

“ಅಕ್ಕ ಕೇಳಿದ್ದು ಆಗಲಿ ಅಂತ. ಅಷ್ಟರಿ.”

“ಹಾಗಾದರೆ ಆಗಿದೆ,” ಎಂದರು. “ನಮ್ಮ ಧರ್ಮಸಭೆಯ ಕಟ್ಟಳೆಗಳು ನಿಮ್ಮನ್ನು ಕಟ್ಟುವುದಿಲ್ಲ, ಹೊಸ ಕಾನೂನು ಸಂಹಿತೆಯಲ್ಲಿ ಅದನ್ನು ಬಿಡಿಸಿಯೇ ಬರೆದಿದ್ದಾರೆ. ಉಪವಾಸ ಮಾಡಿ, ಪೂಜೆಗೆ ಬನ್ನಿ ಎಂದು ನಿಮಗೆ ಹೇಳುವ ಹಕ್ಕು ಅದಕ್ಕಿಲ್ಲ. ಸಾಯುವ ಕೂಸಿನ ಬಳಿ ನೀವಿದ್ದರೆ ಮಾತ್ರ, ನಿಮ್ಮ ಕೈ ಸಾಕು ಎನ್ನುತ್ತದೆ.”

ಅಕ್ಕ ಸಮಾಧಾನದ ಉಸಿರು ಬಿಟ್ಟಳು. ಅವಳೊಂದಿಗೆ ನಾನೂ.

ಮತದ ಕಾನೂನೆಂದರೆ ಹೊರಗಿನವರಿಗೆ ಹಾಕಿದ ಬೀಗವೆಂದೇ ನಾನು ವಾದಿಸುತ್ತ ಬಂದವನು. ಅದರಲ್ಲಿ ಈಗಲೂ ಅರ್ಧ ನಿಜವಿದೆ: ಕ್ಯಾಥೋಲಿಕ್ ಹುಡುಗಿಯನ್ನು ಮದುವೆಯಾಗಹೊರಟರೆ ಅವಳ ಮೇಲಿನ ಕಟ್ಟಳೆ ನನ್ನ ಮದುವೆಗೂ ತಾಗುತ್ತದೆಂದು ಪಾದ್ರಿಗಳೇ ಒಪ್ಪಿದರು. ದೇವರಿದ್ದಾನೆಂದೂ ನನಗೆ ಸಾಬೀತಾಗಿಲ್ಲ. ಆದರೆ ಕೊಪ್ಪಳದ ಹೆಸರನ್ನೇ ಕೇಳದ ಯಾರೋ, ಯಾವ ಕಾಲದಲ್ಲೋ ಕೂತು, ನಮ್ಮವರು ಯಾರೂ ಇಲ್ಲದ ಹೊತ್ತಿಗೆ ಯಾರಾದರೂ ಆದೀತು ಎಂದು ಬರೆದಿಟ್ಟರಲ್ಲ, ಅವರಿಗೆ ನಾನು ಕೃತಜ್ಞ. ನನ್ನ ಬಾಯಿ ಕೆಡಿಸಲಿದ್ದುದನ್ನು ಅವರು ಮೊದಲೇ ಕಾಪಾಡಿಟ್ಟಿದ್ದರು.

ಪಾದ್ರಿಗಳು ದಾಖಲೆಗೆಂದು ನನ್ನ ಹೆಸರು ಕೇಳಿ ಬರೆದುಕೊಂಡರು. “ನಾಸ್ತಿಕ ಅಂತನೂ ಬರಕೋರಿ,” ಎಂದೆ.

ಮಂಚದಿಂದ ಅಕ್ಕನ ದನಿ ಬಂತು: “ಅದನ್ನ ಬರೀಬ್ಯಾಡ್ರಿ ಫಾದರ್. ಮರಿಯಾನ ಸೋದರಮಾವ ಅಂತ ಬರೀರಿ.”